ತಂಬೂರಿನ ಮನೆಯೊಂದರ ಕೈಗಡಿಯಾರ

ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರು ಕ್ರಮಿಸಿದರೆ ಕಲಘಟಗಿ ಪಟ್ಟಣ ದೊರೆಯುತ್ತದೆ. ನವಲಗುಂದ, ಅಣ್ಣಿಗೇರಿಗಳ ಎರೆ ಭೂಮಿಯನ್ನು ಕಂಡ ಕಣ್ಣಿಗೆ ಇಲ್ಲಿಯ ನೋಟವೇ ಬೇರೆ. ಬಯಲು ಮುಗಿದು ಮಲೆನಾಡು ಮೊದಲಾಗುವ ಸೆರಗು ಇದು. ಹತ್ತಿ, ಜೋಳಗಳ ಹೊಲಗಳು ಹಿಂದುಳಿದು ಭತ್ತದ ಗದ್ದೆಗಳು ಕಾಣತೊಡಗುತ್ತವೆ. ಮಳೆಗಾಲ ಮುಗಿದ ಮೇಲೂ ಗಾಳಿಯಲ್ಲಿ ಹಸಿಯ ವಾಸನೆ ಉಳಿದಿರುತ್ತದೆ.

ಕಲಘಟಗಿಯೆಂದೊಡನೆ ಉತ್ತರ ಕರ್ನಾಟಕದ ತಾಯಂದಿರಿಗೆ ಮೊದಲು ನೆನಪಾಗುವುದು ಬಣ್ಣದ ತೊಟ್ಟಿಲು. ಸಾಗುವಾನಿ ಕಟ್ಟಿಗೆಯಲ್ಲಿ ಮಾಡಿ, ಪುರಾಣದ ಚಿತ್ರಗಳನ್ನು ಬರೆದು ಸಿದ್ಧಪಡಿಸುವ ಈ ತೊಟ್ಟಿಲಿನ ಬಣ್ಣವು ತಲೆಮಾರು ಕಳೆದರೂ ಮಾಸದೆಂಬ ಖ್ಯಾತಿ ಪಡೆದಿದೆ. ಕೊಂಡವರು ಅದನ್ನು ತಮ್ಮ ಕೂಸುಗಳಿಗಷ್ಟೇ ಎಂದು ಕಟ್ಟಿಡುವುದಿಲ್ಲ. ಬೀಗರ ಮನೆಯಲ್ಲಿ ಬಾಣಂತನವಾದರೆ ಅಲ್ಲಿಗೆ, ನೆರೆಮನೆಯಲ್ಲಿ ಹೆಸರಿಡುವ ಕಾರ್ಯವಾದರೆ ಅಲ್ಲಿಗೆ ತೊಟ್ಟಿಲು ಹೋಗಿ ಬರುತ್ತದೆ. ಹೋದಲ್ಲಿ ಅದನ್ನು ಒರೆಸಿ, ಜೋಪಾನ ಮಾಡಿ, ಮರಳಿ ಕಳಿಸುವುದು ವಾಡಿಕೆ. ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ಮುಂದೆ ತಂಬೂರಿನಲ್ಲಿ ನಾವು ಕಂಡ ಕೈಗಡಿಯಾರವೊಂದರ ಬಾಳೂ ಹೆಚ್ಚು ಕಡಿಮೆ ಈ ತೊಟ್ಟಿಲಿನ ಬಾಳಿನಂತೆಯೇ ಇತ್ತು.

ತಂಬೂರು ಕಲಘಟಗಿ ತಾಲೂಕಿನ ಪುರಾತನ ಗ್ರಾಮ. ದೇವಿಕೊಪ್ಪದ ಕಾಡಿನ ನೆರೆಯಲ್ಲಿರುವ ಈ ಊರು ತನ್ನ ಬಸವಣ್ಣ ದೇವರ ಗುಡಿಯಿಂದ ಸುತ್ತಲಿನ ಸೀಮೆಗೆ ಪರಿಚಿತವಾಗಿದೆ. ಕಾರ್ತಿಕದಲ್ಲಿ ಒಂದು ದಿನ ನಾವು ನಾಲ್ವರು ಅಲ್ಲಿಗೆ ಹೋಗಿದ್ದೆವು. ಬಸವಣ್ಣನ ದರ್ಶನ ಮುಗಿಸಿ ಹೊರಬಂದಾಗ ಗಿಡಗಳ ನೆರಳು ಕುಗ್ಗಿ ಬುಡಕ್ಕೆ ಸೇರುತ್ತಲಿತ್ತು. ನಮ್ಮಲ್ಲೊಬ್ಬರು ಕೈಗಡಿಯಾರ ನೋಡಿ ಹನ್ನೆರಡು ಹೊಡೆಯಿತೆಂದರು. ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಮುಗುಳ್ನಕ್ಕು, "ನಿಮ್ಮ ಗಡಿಯಾರದಾಗ ಹನ್ನೆರಡು ಆಗೇತ್ರಿ, ನಮ್ಮೂರ ಸೂರ್ಯಾಗ ಇನ್ನೂ ಒಂದೀಟು ಹೊತ್ತೈತಿ" ಎಂದರು.

ಅದು ಹಾಸ್ಯದ ಮಾತಲ್ಲ, ಲೆಕ್ಕದ ಮಾತು. ಭಾರತದ ಗಡಿಯಾರಗಳೆಲ್ಲ ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯ ವೇಳೆಯನ್ನು ಅನುಸರಿಸುತ್ತವೆ. ಕಲಘಟಗಿಯ ಸೀಮೆ ಇರುವುದು ಸುಮಾರು 75 ಡಿಗ್ರಿಯ ಹತ್ತಿರ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದುದರಿಂದ ಏಳೂವರೆ ಡಿಗ್ರಿಗೆ 30 ನಿಮಿಷ. ಅಂದರೆ ತಂಬೂರಿನಲ್ಲಿ ಸೂರ್ಯನು ನೆತ್ತಿಗೆ ಬರುವುದು ಸರಾಸರಿ ಹನ್ನೆರಡೂವರೆ ಗಂಟೆಗೆ. ಋತುವಿಗೆ ತಕ್ಕಂತೆ ಅದರಲ್ಲಿಯೂ ಏರುಪೇರು ಉಂಟು. ನವೆಂಬರ ಮೊದಲ ವಾರದಲ್ಲಿ 12 ಗಂಟೆ 14 ನಿಮಿಷದ ಸುಮಾರಿಗೆ, ಶಿವರಾತ್ರಿಗೆ ಸಮೀಪದ ಫೆಬ್ರವರಿ ನಡುಭಾಗದಲ್ಲಿ 12 ಗಂಟೆ 44 ನಿಮಿಷದ ಸುಮಾರಿಗೆ ನೆರಳು ಅತಿ ಗಿಡ್ಡಾಗುತ್ತದೆ.

ಆ ಹಿರಿಯರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ವಯಸ್ಸು ಎಂಬತ್ತರ ಅಂಚು. ಮಾತಿಗೆ ಮಾತು ಬೆಳೆದು ನಮ್ಮನ್ನು ಮನೆಗೆ ಕರೆದೊಯ್ದರು. ಹಿಂದಿನವರ ವೇಳೆಯ ಲೆಕ್ಕವನ್ನು ದಾರಿಯಲ್ಲಿಯೇ ಹೇಳಿದರು. ತೂತುಳ್ಳ ತಾಮ್ರದ ಗಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಅಂಥ 60 ಗಳಿಗೆಗಳಿಗೆ ಒಂದು ದಿನ. ಮುಂದೆ ಹಳ್ಳಿಗಳಲ್ಲಿ ವಸ್ತಿ ಬಸ್ಸು ಹೊರಡುವುದೇ ಬೆಳಗಿನ ಗಡಿಯಾರವಾಯಿತು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಬಳಿಕ ರೇಡಿಯೋ ಇದ್ದ ಮನೆಯೇ ಓಣಿಗೆಲ್ಲ ವೇಳೆ ಹೇಳುವ ಮನೆಯಾಯಿತು. ವಾರ್ತೆಗೆ ಮುಂಚೆ ಬರುವ ಸಮಯ ಸೂಚನೆಯ ಸದ್ದಿಗೆ ಮುಳ್ಳು ಕೂಡಿಸಿಕೊಳ್ಳಲು ಗಡಿಯಾರವುಳ್ಳವರು ಅಲ್ಲಿ ಸೇರುತ್ತಿದ್ದರಂತೆ.

ಮನೆಯಲ್ಲಿ ದೇವರ ಜಗುಲಿಯ ಪಕ್ಕದ ಗೂಡಿನಲ್ಲಿ ಒಂದು ಸಣ್ಣ ಹಿತ್ತಾಳೆಯ ತಟ್ಟೆ. ಅದರಲ್ಲಿ ಮೆತ್ತನೆಯ ಬಟ್ಟೆಯ ಮೇಲೆ ಎಚ್.ಎಂ.ಟಿ. ಸಂಸ್ಥೆಯ 'ಜನತಾ' ಕೈಗಡಿಯಾರ. ಗುರುಗಳು ಅದನ್ನು ಕೊಂಡದ್ದು 1974ರಲ್ಲಿ. ಆಗಿನ ತಿಂಗಳ ಸಂಬಳದ ದೊಡ್ಡ ಪಾಲು ಅದಕ್ಕೆ ಹೋಯಿತಂತೆ. ಈಗಿನವರಿಗೆ ಸಾಧಾರಣವೆಂದು ತೋರುವ ಆ ವಸ್ತು ಅಂದಿನ ಹಳ್ಳಿಯ ಶಿಕ್ಷಕನಿಗೆ ನಿಜವಾಗಿಯೂ ಭೋಗದ ವಸ್ತುವೇ ಆಗಿತ್ತು. ಆದರೆ ಆ ಭೋಗ ಅವರೊಬ್ಬರದೇ ಆಗಿ ಉಳಿಯಲಿಲ್ಲ. ಮ್ಯಾಟ್ರಿಕ್ ಪರೀಕ್ಷೆಗೆ ಕುಳಿತ ಓಣಿಯ ಮಕ್ಕಳೆಲ್ಲ ಅದನ್ನು ಕಟ್ಟಿಕೊಂಡು ಹೋದರು. ನೌಕರಿಯ ಸಂದರ್ಶನಕ್ಕೆ ಹೊರಟವರೂ ಒಯ್ದರು. ಹೆಣ್ಣು ನೋಡಲು ಹೊರಟ ವರನ ಕೈಗೂ ಅದು ಏರಿದ್ದುಂಟು. ಹೋದ ಗಡಿಯಾರ ಪ್ರತಿ ಸಲವೂ ಮರಳಿ ಬಂದಿತು.

ಈ 'ಜನತಾ' ಹುಟ್ಟಿದ್ದು ನಮ್ಮ ನಾಡಿನಲ್ಲಿಯೇ. ಅದಕ್ಕೆ ಮೊದಲು ಒಳ್ಳೆಯ ಕೈಗಡಿಯಾರವೆಂದರೆ ಸ್ವಿಟ್ಜರ್ಲೆಂಡಿನದೇ ಆಗಿತ್ತು. ಫೇವರ್ ಲೂಬಾ, ವೆಸ್ಟ್ ಎಂಡ್ ಮುಂತಾದ ಹೆಸರುಗಳು ಮುಂಬಯಿಯ ಮೂಲಕ ನಮ್ಮ ಕಡೆಯ ವರ್ತಕರ, ವಕೀಲರ, ಜಮೀನುದಾರರ ಮನೆಗಳಿಗೆ ಬಂದಿದ್ದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್.ಎಂ.ಟಿ. ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಜನತಾ, ಪೈಲಟ್, ಸೋನಾ, ಕಾಂಚನ ಎಂಬ ಹೆಸರುಗಳು ಮನೆಮಾತಾದವು. ದೇವನಾಗರಿ ಅಂಕಿಗಳ ಡಯಲ್ ಕೂಡ ಬಂದಿತು. ಆದರೆ ಕಾಲ ನಿಲ್ಲಲಿಲ್ಲ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತ್ತು. 1980ರ ದಶಕದ ಕೊನೆಯಲ್ಲಿ ಹೊಸೂರಿನಿಂದ ಟೈಟನ್ ಕ್ವಾರ್ಟ್ಜ್ ಗಡಿಯಾರಗಳು ಬಂದಾಗ ನಮ್ಮ ಪೇಟೆಗಳೂ ಬದಲಾದವು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು.

ಕಾರ್ಖಾನೆ ಮುಚ್ಚಿದರೂ ತಂಬೂರಿನ ಗಡಿಯಾರ ನಡೆಯುತ್ತಲಿದೆ. ಅದಕ್ಕೆ ಸೆಲ್ ಬೇಡ, ವಿದ್ಯುತ್ತು ಬೇಡ. ಬೇಕಾದದ್ದು ದಿನಕ್ಕೊಮ್ಮೆ ಚಾವಿ ಕೊಡುವ ಒಂದು ಕೈ ಮಾತ್ರ. ಗುರುಗಳಿಗೆ ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದು ಬಲಗೈಯ ಬೆರಳುಗಳು ಬಿಗಿ ಹಿಡಿಯದಂತಾದವು. ಅಂದಿನಿಂದ ಕಿರಿಯ ಸೊಸೆ ಪ್ರತಿದಿನ ಬೆಳಿಗ್ಗೆ ದೇವರ ದೀಪ ಹಚ್ಚಿದ ಬಳಿಕ ಗಡಿಯಾರಕ್ಕೆ ಚಾವಿ ಕೊಟ್ಟು, ಮಾವನ ಎಡಗೈಗೆ ಕಟ್ಟುವುದನ್ನು ರೂಢಿ ಮಾಡಿಕೊಂಡರು.

ಮನೆ ಪಾಲಾಗುವ ಕಾಲ ಬಂದಾಗ ಈ ಗಡಿಯಾರವೇ ತೊಡಕಾಯಿತು. ಹೊಲ, ಎತ್ತು, ಪಾತ್ರೆಗಳನ್ನು ಹಿರಿಯರೆದುರು ತಕರಾರಿಲ್ಲದೆ ಹಂಚಿಕೊಂಡ ಅಣ್ಣ ತಮ್ಮಂದಿರು ಇದೊಂದರಲ್ಲಿ ಹಟ ಹಿಡಿದರು. ಹಿರಿಯ ಮಗನಾದ ತನಗೆ ತಂದೆಯ ಗಡಿಯಾರ ಸಲ್ಲಬೇಕೆಂದು ಅಣ್ಣ. ಅದನ್ನು ಕಟ್ಟಿಕೊಂಡೇ ಪರೀಕ್ಷೆ ಬರೆದು ನೌಕರಿ ಹಿಡಿದೆ, ತನಗೇ ಇರಲಿ ಎಂದು ತಮ್ಮ. ಬೆಲೆಯಲ್ಲಿ ನೋಡಿದರೆ ಕೆಲವು ಸಾವಿರದ ವಸ್ತು. ಆದರೆ ಅದನ್ನು ಎರಡು ಮಾಡಲು ಬರುವಂತಿರಲಿಲ್ಲ. ಕೊನೆಗೆ ಗುರುಗಳು, "ಅದು ಪಾಲಿಗೆ ಹಚ್ಚೋ ಸಾಮಾನಲ್ಲ. ದಿನಾ ಯಾರು ಚಾವಿ ಕೊಡ್ತಾರ, ಅವರ ಕೈಯಾಗ ಇರಲಿ" ಎಂದು ಸೊಸೆಯ ಕಡೆಗೆ ನೋಡಿದರು. ಅಣ್ಣನಿಗೆ ಈ ತೀರ್ಪು ಹಿಡಿಸಲಿಲ್ಲ. ಹಲವು ತಿಂಗಳು ಅವರು ತಮ್ಮನ ಮನೆಯ ಹೊಸ್ತಿಲು ತುಳಿಯಲಿಲ್ಲ.

ಮುಂದೆ ಒಂದು ದಿನ ಗಡಿಯಾರ ಜಾರಿ ಕಲ್ಲು ಹಾಸಿನ ಮೇಲೆ ಬಿದ್ದು ನಿಂತುಹೋಯಿತು. ಸೊಸೆ ಅಳುತ್ತ ಕುಳಿತ ಸುದ್ದಿ ಅಣ್ಣನ ಮನೆಗೆ ಮುಟ್ಟಿತು. ಅವರು ಎದ್ದು ಬಂದು, "ಅಳಬ್ಯಾಡ ತಂಗಿ, ಇಲ್ಲಿ ಕೊಡು" ಎಂದು ಗಡಿಯಾರವನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದರು. ಮೂರು ಅಂಗಡಿಯವರು ಅದನ್ನು ತೆರೆದೂ ನೋಡದೆ, ಇದನ್ನು ಬಿಟ್ಟು ಹೊಸದು ಕೊಳ್ಳಿರೆಂದು ಹೇಳಿ ಕಳಿಸಿದರು. ನಾಲ್ಕನೆಯವರು ವಯೋವೃದ್ಧರು. ಅವರು ಮಾತ್ರ ಮುಚ್ಚಳ ತೆರೆದು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿ, ಮೂರು ವಾರದ ವಾಯಿದೆ ಕೇಳಿದರು.

ತಂಬೂರಿನಿಂದ ಮರಳುವಾಗ ನಾವು ಹುಬ್ಬಳ್ಳಿಯಲ್ಲಿ ಆ ವೃದ್ಧರನ್ನು ಕಂಡೆವು. ದುರ್ಗದಬೈಲಿನ ಆಚೆಗಿನ ಓಣಿಯೊಂದರಲ್ಲಿ, ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಸಣ್ಣ ಅಂಗಡಿ ಅವರದು. ನಮ್ಮ ಕುತೂಹಲ ಕಂಡು ಒಂದು ಹಳೆಯ ಗಡಿಯಾರವನ್ನು ಬಿಚ್ಚಿ ತೋರಿಸಿದರು. ಚಾವಿ ಕೊಟ್ಟಾಗ ಡಬ್ಬಿಯೊಳಗಿನ ಉದ್ದನೆಯ ಉಕ್ಕಿನ ಪಟ್ಟಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವ ಬಲದಿಂದ ಹಲ್ಲಿನ ಚಕ್ರಗಳು ತಿರುಗುತ್ತವೆ. ಆ ಬಲ ಒಮ್ಮೆಲೇ ಹರಿದು ಹೋಗದಂತೆ ತಡೆದು ತಡೆದು ಬಿಡುವುದು ಬ್ಯಾಲೆನ್ಸ್ ಚಕ್ರದ ಕೆಲಸ. ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗಿನ ಆಧಾರದಿಂದ ಅದು ಅತ್ತಿತ್ತ ತೂಗುತ್ತದೆ. ನಾವು ಕೇಳುವ ಟಿಕ್ ಟಿಕ್ ಸದ್ದು ಈ ತೂಗಾಟದ್ದು. 'ಜನತಾ' ಗಡಿಯಾರದಲ್ಲಿ ಅದು ಸೆಕೆಂಡಿಗೆ 5 ಸಲ, ತಾಸಿಗೆ 18,000 ಸಲ, ದಿನಕ್ಕೆ 4,32,000 ಸಲ. ವರ್ಷಕ್ಕೆ ಲೆಕ್ಕ ಹಾಕಿದರೆ 15 ಕೋಟಿ 76 ಲಕ್ಷವನ್ನು ಮೀರುತ್ತದೆ.

ಡಯಲ್ ಮೇಲೆ ಬರೆದಿರುವ '17 ಜ್ಯುವೆಲ್ಸ್' ಎಂಬ ಮಾತನ್ನು ಓದಿ ಒಳಗೆ ಬೆಲೆಬಾಳುವ ಹರಳುಗಳಿವೆ ಎಂದು ತಿಳಿಯುವವರುಂಟು. ಅವು ಕೃತಕವಾಗಿ ತಯಾರಿಸಿದ ಮಾಣಿಕ್ಯದ ಚಿಕ್ಕ ಹರಳುಗಳು. ಚಕ್ರಗಳ ಅಚ್ಚಿನ ತುದಿಗಳು ಸವೆಯದೆ ತಿರುಗಲೆಂದು ಅವುಗಳನ್ನು ಕೂಡಿಸಿರುತ್ತಾರೆ. ತಂಬೂರಿನ ಗಡಿಯಾರ ಬಿದ್ದಾಗ ಮುರಿದದ್ದು ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ. ಅದು ಕೂದಲಿನಷ್ಟು ಸಣ್ಣದು. ಹೊಸ ಬಿಡಿಭಾಗ ಸಿಗದೆ, ಗುಜರಿಗೆ ಬಂದ ಮತ್ತೊಂದು 'ಜನತಾ' ಗಡಿಯಾರದಿಂದ ಇಡೀ ಚಕ್ರವನ್ನು ತೆಗೆದು ಇದಕ್ಕೆ ಕೂಡಿಸಿದರಂತೆ. "ಹಳೇವು ಸಿಗೋತನಕ ಮಾಡ್ತೀನ್ರಿ. ನನ್ನ ಹಿಂದ ಈ ಕುರ್ಚಿ ಮ್ಯಾಲ ಕೂಡೋರು ಯಾರೂ ಇಲ್ಲ" ಎಂದರು ವೃದ್ಧರು. ಅವರ ಮಕ್ಕಳಿಬ್ಬರೂ ಬೇರೆ ಉದ್ಯೋಗ ಹಿಡಿದಿದ್ದಾರೆ. ಐವತ್ತು ವರ್ಷಗಳ ಕಾಯಕದ ಅರಿವು ಆ ಬೆರಳುಗಳಲ್ಲಿದೆ. ಅದನ್ನು ಯಾವ ಪುಸ್ತಕದಿಂದಲೂ ಪಡೆಯಲಾಗದು.

ಇದೇ ಮನೆತನದಲ್ಲಿ ಇನ್ನೊಂದು ಗಡಿಯಾರವಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಿರಿಯ ಮೊಮ್ಮಗ ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಗಡಿಯಾರ ಕೊಂಡಿದ್ದಾನೆ. ಅದು ಕೈಯ ಚಲನೆಯಿಂದಲೇ ತಾನಾಗಿ ಚಾವಿ ಸುತ್ತಿಕೊಳ್ಳುವ ಜಾತಿಯದು. ಊರಿಗೆ ಬಂದಾಗ ಡಬ್ಬಿಯಿಂದ ತೆಗೆದು ಅಜ್ಜನಿಗೆ ತೋರಿಸಿದರೆ ಅದು ನಿಂತಿತ್ತು. ದೋಷವೇನೂ ಇರಲಿಲ್ಲ. ಕೆಡುತ್ತದೆಂಬ ಅಂಜಿಕೆಯಿಂದ ಅವನು ಕಟ್ಟಿಕೊಳ್ಳುತ್ತಲೇ ಇರಲಿಲ್ಲ. ಅಂಥ ಗಡಿಯಾರಗಳು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ದಿನ ಮಾತ್ರ ಬಿಡುವಿನಲ್ಲಿ ನಡೆಯುತ್ತವೆ. ಅಜ್ಜ ಅದನ್ನು ಕಿವಿಗೆ ಹಿಡಿದು, "ಭಾಳ ಚೆಂದ ಐತೆಪಾ. ಆದ್ರ ಇದು ನಿನ್ನ ಕೈಯಾಗ ಇರಬೇಕು, ಡಬ್ಬ್ಯಾಗ ಅಲ್ಲ" ಎಂದರಂತೆ. ಆ ಗಡಿಯಾರದ ಒಂದು ಸಲದ ಶುದ್ಧಿಯ ಖರ್ಚಿನಲ್ಲಿ 'ಜನತಾ' ಹಲವು ಬರುತ್ತವೆ. ಶ್ರೀಮಂತ ವಸ್ತುವನ್ನು ಕೊಳ್ಳುವ ಶಕ್ತಿ ಇದ್ದರಾಯಿತೆಂದು ತಿಳಿಯುವವರು ಅದನ್ನು ಸಾಕುವ ಶಕ್ತಿಯನ್ನೂ ಮೊದಲೇ ಅಳೆದು ನೋಡುವುದು ಒಳಿತು.

ಚಾವಿಯ ಗಡಿಯಾರ ಅಗ್ಗದ್ದಿರಲಿ, ದುಬಾರಿಯದಿರಲಿ, ಅದರ ಪಾಲನೆಯ ರೀತಿ ಒಂದೇ. ವೃದ್ಧರು ಹೇಳಿದ, ಬಲ್ಲವರೂ ಒಪ್ಪುವ ಕೆಲವು ಮಾತುಗಳನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತಿದ್ದೇವೆ. ಕೈಯಿಂದ ಚಾವಿ ಕೊಡುವ ಗಡಿಯಾರಕ್ಕೆ ದಿನವೂ ಒಂದೇ ವೇಳೆಗೆ, ಕೈಯಿಂದ ಬಿಚ್ಚಿಟ್ಟು ಚಾವಿ ಕೊಡಬೇಕು. ಬಿಗಿಯಾಯಿತೆಂದು ಬೆರಳಿಗೆ ತಿಳಿದೊಡನೆ ನಿಲ್ಲಿಸಬೇಕು. ವಿಭೂತಿ, ಅರಿಷಿಣ, ಹಿಟ್ಟು ಹತ್ತಿದ ಕೈಯಿಂದ ಮುಟ್ಟಬಾರದು. ಆ ನುಣುಪಾದ ಪುಡಿ ಚಾವಿಯ ಗುಂಡಿಯ ಸಂದಿನಿಂದ ಒಳಸೇರಿ ಎಣ್ಣೆಯನ್ನು ಕೆಸರು ಮಾಡುತ್ತದೆ. ತಾರೀಖು ತೋರಿಸುವ ಗಡಿಯಾರವಾದರೆ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಖನ್ನು ಕೈಯಿಂದ ಬದಲಿಸಬಾರದು. ಆ ವೇಳೆಯಲ್ಲಿ ಒಳಗಿನ ಹಲ್ಲುಗಳು ತಾವೇ ತಾರೀಖು ತಿರುಗಿಸುವ ಕೆಲಸದಲ್ಲಿರುತ್ತವೆ.

ಕಲಘಟಗಿಯಂಥ ಮಳೆಯ ಸೀಮೆಯಲ್ಲಿ ಗಡಿಯಾರದ ದೊಡ್ಡ ವೈರಿ ತೇವ. ಗಾಜಿನ ಒಳಗೆ ಮಂಜು ಕಟ್ಟಿದ್ದು ಕಂಡರೆ ಬಿಸಿಲಿಗಿಟ್ಟು ಸುಮ್ಮನಾಗದೆ ಆ ದಿನವೇ ರಿಪೇರಿಯವರಿಗೆ ಮುಟ್ಟಿಸಬೇಕು. ತಡಮಾಡಿದರೆ ಉಕ್ಕಿನ ಭಾಗಗಳು ತುಕ್ಕು ಹಿಡಿಯುತ್ತವೆ. ಸ್ಪೀಕರು, ಅಯಸ್ಕಾಂತವುಳ್ಳ ಮೊಬೈಲ್ ಕವರು ಮುಂತಾದವುಗಳ ಪಕ್ಕದಲ್ಲಿ ಇಡಬಾರದು. ಸರಿಯಾಗಿದ್ದ ಗಡಿಯಾರ ಒಮ್ಮೆಲೇ ಬಹಳ ಮುಂದೆ ಓಡತೊಡಗಿದರೆ ಅಯಸ್ಕಾಂತದ ಸೋಂಕು ತಗುಲಿರುವ ಸಂಭವ ಹೆಚ್ಚು. ಅದನ್ನು ನಿವಾರಿಸುವುದು ಕೆಲವು ನಿಮಿಷದ ಕೆಲಸ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. ಎಣ್ಣೆ ಕಡಿಮೆಯಾದರೆ ಎಷ್ಟು ಕೇಡೋ ಹೆಚ್ಚಾದರೂ ಅಷ್ಟೇ ಕೇಡು. ದಿನಕ್ಕೆ ಅರ್ಧ, ಒಂದು ನಿಮಿಷ ಹಿಂದೆ ಮುಂದೆ ಆಗುವುದನ್ನು ಹಳೆಯ ಗಡಿಯಾರದ ದೋಷವೆಂದು ಎಣಿಸಬೇಕಿಲ್ಲ. ದಿನದ 1,440 ನಿಮಿಷಗಳಲ್ಲಿ ಅದು ಒಂದೇ ನಿಮಿಷ.

ಅಟ್ಟದಲ್ಲಿ ಅಜ್ಜನ ಕಾಲದ ಗಡಿಯಾರ ದೊರೆತವರು ಇನ್ನೆರಡು ಸಂಗತಿಗಳನ್ನು ನೆನಪಿಡಬೇಕು. ಮಾಸಿದ ಡಯಲಿಗೆ ಹೊಸ ಬಣ್ಣ ಬಳಿಸಬಾರದು. ಬಳಿಸಿದರೆ ಅದರ ಬೆಲೆಯೂ ಗುರುತೂ ಎರಡೂ ಹೋಗುತ್ತವೆ. ಹೀಗೆ ಬಣ್ಣ ಬಳಿದ ಡಯಲುಗಳ ಹಳೆಯ ಗಡಿಯಾರಗಳು ಪೇಟೆಯಲ್ಲಿ ಹೇರಳವಾಗಿವೆ, ಕೊಳ್ಳುವವರು ಎಚ್ಚರದಿಂದಿರಬೇಕು. ಇನ್ನು 1960ಕ್ಕೂ ಹಿಂದಿನ, ಕತ್ತಲಲ್ಲಿ ಬೆಳಗುವ ಅಂಕಿಗಳುಳ್ಳ ಗಡಿಯಾರಗಳಲ್ಲಿ ರೇಡಿಯಂ ಇರುವ ಸಂಭವವುಂಟು. ಬೆಳಕು ಆರಿದ್ದರೂ ಅದರ ವಿಕಿರಣ ಆರಿರುವುದಿಲ್ಲ. ಅಂಥದನ್ನು ಮನೆಯಲ್ಲಿ ತೆರೆಯುವುದಾಗಲಿ, ಅಂಕಿಗಳನ್ನು ಕೆರೆಯುವುದಾಗಲಿ ಸಲ್ಲದು.

ಗಡಿಯಾರದ ಮಾತು ಬಂದಾಗ ಮದುವೆಯ ಮಾತನ್ನು ಬಿಡಲಾಗದು. ಒಂದು ಕಾಲಕ್ಕೆ ವರನಿಗೆ ಗಡಿಯಾರ, ಸೈಕಲ್ಲು, ರೇಡಿಯೋ ಕೊಡಬೇಕೆಂಬುದು ಕನ್ಯಾಪಿತೃಗಳ ತಲೆಯ ಮೇಲಿನ ಹೊರೆಯಾಗಿತ್ತು. ಈಗ ಕೆಲವು ಸ್ಥಿತಿವಂತರ ಕಾರ್ಯಗಳಲ್ಲಿ ವಿದೇಶಿ ಗಡಿಯಾರದ ಹೆಸರನ್ನೇ ಹೇಳಿ ಕೇಳುವ ಚಾಳಿ ತಲೆಯೆತ್ತುತ್ತಿದೆ. ಬೆಂಗಳೂರಿನ ಗಡಿಯಾರದ ಕಾರ್ಖಾನೆ ಸ್ಥಾಪನೆಯಾದ 1961ರಲ್ಲಿಯೇ ವರದಕ್ಷಿಣೆ ನಿಷೇಧದ ಕಾಯ್ದೆಯೂ ಬಂದಿತೆಂಬುದನ್ನು ನಮ್ಮ ಮನೆತನಗಳು ಮರೆಯಬಾರದು. ಪ್ರೀತಿಯಿಂದ ಕೊಟ್ಟದ್ದು ಉಡುಗೊರೆ, ಕೇಳಿ ಪಡೆದದ್ದು ಸುಲಿಗೆ. ಹಾಗೆ ಪಡೆದ ಗಡಿಯಾರವನ್ನು ಕೈಗೆ ಕಟ್ಟಿಕೊಂಡವನು ಅದನ್ನು ನೋಡಿದಾಗಲೆಲ್ಲ ಮಾವನ ಸಾಲದ ಕಂತನ್ನೂ ನೆನೆಯಬೇಕಾದೀತು.

ತಂಬೂರಿನ ಅಣ್ಣ ತಮ್ಮಂದಿರು ಈಗ ಹೊಂದಿಕೊಂಡಿದ್ದಾರೆ. ಗಡಿಯಾರ ಕಿರಿಯ ಸೊಸೆಯ ವಶದಲ್ಲಿಯೇ ಇದೆ. ಅದನ್ನು ಹುಬ್ಬಳ್ಳಿಗೆ ಒಯ್ದು ಶುದ್ಧಿ ಮಾಡಿಸಿಕೊಂಡು ಬರುವ ಹೊಣೆಯನ್ನು ಅಣ್ಣ ತಾವಾಗಿಯೇ ವಹಿಸಿಕೊಂಡಿದ್ದಾರೆ. ಆ ಸೊಸೆಯ ಮಗಳು ಈ ವರ್ಷ ಎಸ್.ಎಸ್.ಎಲ್.ಸಿ. ಓದುತ್ತಿದ್ದಾಳೆ. ಪರೀಕ್ಷೆಯ ದಿನ ಅದು ಅವಳ ಕೈಗೆ ಬರುವುದೆಂದು ಅಜ್ಜ ಮಾತು ಕೊಟ್ಟಿದ್ದಾರಂತೆ.

ತಂಬೂರಿಗೆ ಹೋಗಬಯಸುವವರು ಹುಬ್ಬಳ್ಳಿಯಿಂದ ಕಲಘಟಗಿಯ ಮಾರ್ಗವಾಗಿ ಹೋಗಬಹುದು. ಬಸವಣ್ಣನ ದರ್ಶನದ ಜೊತೆಗೆ ಕಾಡಿನ ಸೆರಗಿನ ತಂಪು, ಕಲಘಟಗಿಯಲ್ಲಿ ತೊಟ್ಟಿಲು ಮಾಡುವವರ ಕೈಚಳಕ ಎರಡನ್ನೂ ನೋಡಿ ಬರಬಹುದು. ಹೊರಡುವ ಮುನ್ನ ಒಮ್ಮೆ ಮನೆಯ ಪೆಟ್ಟಿಗೆ, ಟ್ರಂಕುಗಳನ್ನು ತೆಗೆದು ನೋಡಿರಿ. ನಿಂತುಹೋದ ಗಡಿಯಾರವೊಂದು ಅಲ್ಲಿರಬಹುದು. ಅದು ಯಾರದು, ಯಾವ ವರ್ಷ ಕೊಂಡದ್ದು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿರಿ. ದಾರಿಯಲ್ಲಿ ಹುಬ್ಬಳ್ಳಿ ಸಿಗುತ್ತದೆ. ಅಲ್ಲಿಯ ಓಣಿಗಳಲ್ಲಿ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕುಳಿತವರು ಇಂದಿಗೂ ಕೆಲವರಿದ್ದಾರೆ. ಅವರು ಇರುವಾಗಲೇ ಅದನ್ನು ಅವರ ಕೈಗೆ ಮುಟ್ಟಿಸಿರಿ.